ನೋಡುವ ಕಣ್ಣು, ಕಾಣುವ ಮನಸ್ಸು

ಕಣ್ಣು ತೆರೆದಿದ್ದರೆ ಸಾಕು, ಎದುರಿಗಿರುವುದೆಲ್ಲವೂ ತಾನಾಗಿಯೇ ಕಾಣುವುದೆಂಬುದು ಲೋಕದ ನಂಬಿಕೆ. ಆದರೆ ನೋಡುವುದು ಬೇರೆ, ಕಾಣುವುದು ಬೇರೆ. ಇವೆರಡರ ನಡುವೆ ಗಮನವೆಂಬ ದ್ವಾರಪಾಲಕನೊಬ್ಬನಿದ್ದಾನೆ.

೧೯೯೯ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ವಿಚಿತ್ರವಾದ ಪ್ರಯೋಗವೊಂದನ್ನು ಪ್ರಕಟಿಸಿದರು. ಚೆಂಡಾಟದ ಕಿರುಚಿತ್ರವನ್ನು ತೋರಿಸಿ, ಒಂದು ತಂಡದವರು ಚೆಂಡನ್ನು ಎಷ್ಟು ಸಲ ಕೈಯಿಂದ ಕೈಗೆ ಸಾಗಿಸಿದರೆಂದು ಎಣಿಸುವಂತೆ ಪ್ರೇಕ್ಷಕರಿಗೆ ಹೇಳಲಾಗಿತ್ತು. ಆಟ ನಡೆದಿರುವಾಗಲೇ ಗೊರಿಲ್ಲದ ವೇಷ ತೊಟ್ಟವರೊಬ್ಬರು ಆಟಗಾರರ ನಡುವೆ ನಡೆದುಹೋದರು. ಎಣಿಕೆಯಲ್ಲಿ ಮಗ್ನರಾಗಿದ್ದ ಪ್ರೇಕ್ಷಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನು ಕಾಣಲೇ ಇಲ್ಲ!

ಸಾಮಾನ್ಯರ ಮಾತು ಹಾಗಿರಲಿ. ನೋಡುವುದನ್ನೇ ವೃತ್ತಿಯಾಗಿಸಿಕೊಂಡವರ ಪಾಡೇನು? ೨೦೧೩ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ೨೪ ಮಂದಿ ಕ್ಷಕಿರಣ ತಜ್ಞರು ಶ್ವಾಸಕೋಶದ ಚಿತ್ರಗಳಲ್ಲಿ ರೋಗಸೂಚಕವಾದ ಸಣ್ಣ ಗಂಟುಗಳನ್ನು ಹುಡುಕಿದರು. ಕಡೆಯ ಚಿತ್ರಗಳಲ್ಲಿ ಗಂಟಿಗಿಂತ ೪೮ ಪಟ್ಟು ದೊಡ್ಡದಾದ ಗೊರಿಲ್ಲದ ಆಕೃತಿಯನ್ನು ಸೇರಿಸಲಾಗಿತ್ತು. ೨೦ ಮಂದಿಗೆ ಅದು ಕಾಣಲಿಲ್ಲ. ಅವರಲ್ಲಿ ೧೨ ಮಂದಿಯ ದೃಷ್ಟಿ ಅದು ಇದ್ದ ಜಾಗದ ಮೇಲೆಯೇ ನೇರವಾಗಿ ಬಿದ್ದಿತ್ತೆಂಬುದು ಇನ್ನೂ ಸೋಜಿಗ.

ಇದರ ಮರ್ಮವಿರುವುದು ಕಣ್ಣಿನಲ್ಲಲ್ಲ, ಮೆದುಳಿನಲ್ಲಿ. ೧೯೮೫ರಲ್ಲಿ ಜೆಫ್ರಿ ಮೊರಾನ್ ಮತ್ತು ರಾಬರ್ಟ್ ಡೆಸಿಮೋನ್ ಎಂಬ ವಿಜ್ಞಾನಿಗಳು ಕೋತಿಗಳ ಮೆದುಳಿನಲ್ಲಿ ಇದನ್ನು ಪರೀಕ್ಷಿಸಿದರು. ಕೋತಿಯ ದೃಷ್ಟಿ ಒಂದೇ ಬಿಂದುವಿನಲ್ಲಿ ನೆಟ್ಟಿರುತ್ತಿತ್ತು. ಗಮನ ಮಾತ್ರ ಪಕ್ಕದ ಎರಡು ಆಕೃತಿಗಳಲ್ಲಿ ಒಂದರತ್ತ ಹರಿಯುತ್ತಿತ್ತು. ತನಗೆ ಒಪ್ಪುವ ಆಕೃತಿಯತ್ತ ಗಮನವಿದ್ದಾಗ ದೃಷ್ಟಿಗೆ ಸಂಬಂಧಿಸಿದ ನರಕೋಶ ಚುರುಕಾಗಿ ಸ್ಪಂದಿಸಿತು. ಗಮನ ಮತ್ತೊಂದರತ್ತ ಸರಿದೊಡನೆ ಅದರ ಸ್ಪಂದನ ಬಹಳವಾಗಿ ಕುಗ್ಗಿತು. ಎದುರಿನ ದೃಶ್ಯವೂ ಬದಲಾಗಿರಲಿಲ್ಲ, ಕಣ್ಣೂ ಕದಲಿರಲಿಲ್ಲ!

ಈ ಆಯ್ಕೆಯಿಲ್ಲದೆ ಬದುಕು ಸಾಗದು. ಸಂತೆಯ ಜನಜಂಗುಳಿಯಲ್ಲಿ ತಾಯಿ ತನ್ನ ಮಗುವನ್ನು ಗುರುತಿಸುವುದು ಇದರ ಬಲದಿಂದಲೇ. ಆದರೆ ಒಂದನ್ನು ಆರಿಸಿಕೊಂಡಾಗ ಉಳಿದವು ಮಸುಕಾಗುತ್ತವೆ. ವಾಹನ ನಡೆಸುವವರಿಗೆ ಈ ನಷ್ಟ ಪ್ರಾಣಾಂತಿಕವಾಗಬಹುದು. ಕೃತಕ ರಸ್ತೆಯ ದೃಶ್ಯದಲ್ಲಿ ವಾಹನ ನಡೆಸಿದವರನ್ನು ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಸಂಶೋಧಕರು ಪರೀಕ್ಷಿಸಿ ೨೦೦೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಬರಿದೇ ಮಾತನಾಡುತ್ತಿದ್ದವರಿಗೂ ತಾವು ನೇರವಾಗಿ ನೋಡಿದ ಫಲಕಗಳು ಅಷ್ಟಾಗಿ ನೆನಪಿನಲ್ಲಿ ಉಳಿದಿರಲಿಲ್ಲ.

ಆದುದರಿಂದ, ಎರಡು ಕೈಗಳೂ ಚಕ್ರದ ಮೇಲಿವೆ, ಕಣ್ಣು ದಾರಿಯ ಮೇಲಿದೆ ಎಂದು ನೆಮ್ಮದಿಯಿಂದಿರುವುದು ಸಲ್ಲದು. ರಸ್ತೆಗೆ ಅಡ್ಡಬರುವ ಮಗುವನ್ನು ಉಳಿಸಬೇಕಾದರೆ ಕಣ್ಣಿನ ಜೊತೆಗೆ ಮನಸ್ಸೂ ಅಲ್ಲಿರಬೇಕು.