ಸೌರ ಕೈಗಡಿಯಾರವೂ ಹೊರಾಂಗಣದ ದುಡಿಮೆಯೂ

ಕಾಲವನ್ನು ಅಳೆಯುವ ಸಾಧನಗಳಲ್ಲಿ ಸೂರ್ಯನನ್ನೇ ನಂಬಿದ ಶಂಕುಯಂತ್ರವು ಬಹು ಪ್ರಾಚೀನವಾದುದು. ನೆಲದಲ್ಲಿ ನೆಟ್ಟ ಶಂಕುವಿನ ನೆರಳನ್ನು ನೋಡಿ ಹೊತ್ತನ್ನು ಗೊತ್ತುಮಾಡುತ್ತಿದ್ದ ಆ ವಿಧಾನಕ್ಕೆ ದೊಡ್ಡದೊಂದು ಕೊರತೆಯಿತ್ತು: ಮೋಡ ಕವಿದೊಡನೆ ಅದು ಮೂಕವಾಗುತ್ತಿತ್ತು. ಇರುಳಿಗೂ ಮಳೆಗಾಲಕ್ಕೂ ನಮ್ಮ ಪೂರ್ವಿಕರು ಗಳಿಗೆಬಟ್ಟಲನ್ನು ಆಶ್ರಯಿಸಿದರು. ತಳದಲ್ಲಿ ಕಿರಿದಾದ ರಂಧ್ರವುಳ್ಳ ಬಟ್ಟಲು ನೀರಿನ ಮೇಲೆ ತೇಲಿ, ತುಂಬಿ, ಮುಳುಗುವಷ್ಟು ಹೊತ್ತು ಒಂದು ಗಳಿಗೆ. ಎಂದರೆ 24 ನಿಮಿಷ. ಇಂದು ಬೆಳಕಿನಿಂದಲೇ ನಡೆಯುವ ಸೌರ ಕೈಗಡಿಯಾರದ ಹೆಸರನ್ನು ಕೇಳಿದವರ ಮನಸ್ಸಿನಲ್ಲಿ ಮೊದಲು ಏಳುವ ಶಂಕೆಯೂ ಶಂಕುವಿನ ಕಾಲದ್ದೇ ಆಗಿದೆ. ಮೋಡ ಕವಿದರೆ ಇದರ ಗತಿಯೇನು?

ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಕಚೇರಿಯಲ್ಲಿ ಕುಳಿತವರ ಕೈಗಡಿಯಾರ ನಿಂತರೆ ಅವರು ಗೋಡೆಯ ಕಡೆಗೆ ಕಣ್ಣೆತ್ತಿ ನೋಡಬಹುದು. ಹೊರಾಂಗಣದಲ್ಲಿ ದುಡಿಯುವವರಿಗೆ ಆ ಸೌಕರ್ಯವಿಲ್ಲ. ಮಳೆಯನ್ನು ಅಳೆಯತಕ್ಕವನು ಪ್ರತಿದಿನ ಬೆಳಿಗ್ಗೆ 8.30ಕ್ಕೆ ಸರಿಯಾಗಿ ಮಾಪಕದ ನೀರನ್ನು ಅಳೆದು ಬರೆಯಬೇಕು. ದೇಶದ ಎಲ್ಲೆಡೆಯ ದಿನದ ಮಳೆಯ ಲೆಕ್ಕವೂ ಆ ವೇಳೆಯಿಂದ ಆ ವೇಳೆಗೆ ಬರುವಂಥದು. ಸೆಕ್ಸ್ಟಂಟ್ ಹಿಡಿದು ಸೂರ್ಯ ನಕ್ಷತ್ರಗಳಿಂದ ತನ್ನ ನೆಲೆಯನ್ನು ಕಂಡುಕೊಳ್ಳುವ ನಾವಿಕನ ಗಡಿಯಾರ 4 ಸೆಕೆಂಡು ತಪ್ಪಿದರೆ ರೇಖಾಂಶದಲ್ಲಿ ಒಂದು ಕಲೆಯಷ್ಟು, ಸಮಭಾಜಕ ವೃತ್ತದಲ್ಲಾದರೆ ಒಂದು ನೌಕಾ ಮೈಲಿಯಷ್ಟು ತಪ್ಪು ಬೀಳುತ್ತದೆ. ಮೊಬೈಲು ಇದೆಯಲ್ಲ ಎಂಬ ಸಮಾಧಾನ ಊರಿನಲ್ಲಿ ಸಲ್ಲುತ್ತದೆ. ವಿದ್ಯುತ್ತಿಲ್ಲದ ಕಾಡಿನಲ್ಲಿ ಅದು ಒಂದೆರಡು ದಿನದ ಅತಿಥಿ ಮಾತ್ರ.

ಸೌರ ಕೈಗಡಿಯಾರದ ಒಳಗೆ ನಡೆಯುವ ವ್ಯಾಪಾರ ಸರಳವಾದುದು. ಅದರ ಹೃದಯವು ಸಾಮಾನ್ಯ ಕ್ವಾರ್ಟ್ಸ್ ಗಡಿಯಾರದ್ದೇ: ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕದ ಒಂದು ಪುಟ್ಟ ಕವಲು. ಈ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧಿಸಿದರೆ ಒಂದು ಉಳಿಯುತ್ತದೆ. ಆ ಒಂದೇ ಒಂದು ಸೆಕೆಂಡಿನ ಮಿಡಿತ. ವ್ಯತ್ಯಾಸವಿರುವುದು ಆಹಾರದಲ್ಲಿ. ಸಾಮಾನ್ಯ ಗಡಿಯಾರ ತನ್ನ ಸೆಲ್ಲನ್ನು ತಿಂದು ಮುಗಿಸುತ್ತದೆ. ಸೌರ ಗಡಿಯಾರದಲ್ಲಿ ಡಯಲಿನ ಕೆಳಗೋ ಅದರ ಅಂಚಿನಲ್ಲೋ ಸಿಲಿಕಾನಿನ ತೆಳುವಾದ ಸೌರಕೋಶವಿದ್ದು, ಗಾಜಿನ ಮೂಲಕ ಬಂದ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸಿ, ಮರಳಿ ಮರಳಿ ತುಂಬಬಲ್ಲ ಲಿಥಿಯಂ ಜಾತಿಯ ಒಂದು ಸಂಚಯಕೋಶಕ್ಕೆ ಒಪ್ಪಿಸುತ್ತದೆ. ಗಡಿಯಾರ ನಡೆಯುವುದು ಈ ಸಂಚಯದಿಂದ. ಹೀಗಾಗಿ ಇದನ್ನು ಬಿಸಿಲಿಗೆ ನಡೆಯುವ ಗಡಿಯಾರವೆನ್ನುವುದಕ್ಕಿಂತ ಕಣಜವುಳ್ಳ ಗಡಿಯಾರವೆನ್ನುವುದೇ ಲೇಸು. ಸುಗ್ಗಿಯಲ್ಲಿ ತುಂಬಿದ ಕಣಜವಿರುವ ಮನೆ ಮಳೆಗಾಲದಲ್ಲಿ ಹಸಿಯುವುದಿಲ್ಲ. ವಿಚಾರಿಸಬೇಕಾದುದು ಕಣಜ ಎಷ್ಟು ದೊಡ್ಡದು, ಮನೆಯವರ ಊಟ ಎಷ್ಟು ಎಂಬುದನ್ನು.

ಊಟವಂತೂ ಅತ್ಯಲ್ಪ. ಮುಳ್ಳುಗಳುಳ್ಳ ಸಾಧಾರಣ ಕ್ವಾರ್ಟ್ಸ್ ಗಡಿಯಾರ ಸೇವಿಸುವುದು ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು. ಕಣಜವಾದರೋ ಕಾಲಕ್ರಮದಲ್ಲಿ ಹಿರಿದಾಗುತ್ತ ಬಂದಿತು. ಮುಳ್ಳುಗಳುಳ್ಳ ಮೊದಲ ಸೌರ ಕೈಗಡಿಯಾರವನ್ನು ಜಪಾನಿನ ಸಿಟಿಜನ್ ಸಂಸ್ಥೆ 1976ರಲ್ಲಿ ಹೊರತಂದಿತು. ಇದೇ ಸಂಸ್ಥೆಯ ಸಹಯೋಗದಿಂದಲೇ 1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆ ಹುಟ್ಟಿತೆಂಬುದನ್ನು ಓದುಗರು ಬಲ್ಲರು. ಆ ಮೊದಲ ತಲೆಮಾರಿನ ಸೌರ ಗಡಿಯಾರಗಳ ಸಂಗ್ರಹಶಕ್ತಿ ಕಿರಿದು. ಸೌರ ಗಡಿಯಾರಕ್ಕೆ ಬಂದ ಅಪಖ್ಯಾತಿ ಬಹುಮಟ್ಟಿಗೆ ಆ ಕಾಲದ ಉಳಿಕೆ. 1990ರ ದಶಕದಲ್ಲಿ ಲಿಥಿಯಂ ಸಂಚಯಕೋಶ ಬಳಕೆಗೆ ಬಂದ ಮೇಲೆ, ಒಮ್ಮೆ ತುಂಬಿದರೆ ಕತ್ತಲೆಯಲ್ಲಿಯೂ ಸುಮಾರು ಆರು ತಿಂಗಳು ನಡೆಯುವ ಗಡಿಯಾರಗಳು ಬಂದವು. ಪೆಟ್ಟು ತಾಳುವುದಕ್ಕೆ ಹೆಸರಾದ ಕ್ಯಾಸಿಯೋ ಜಿ-ಶಾಕ್ 1983ರಲ್ಲಿ ಹುಟ್ಟಿತಷ್ಟೆ. 1998ರಲ್ಲಿ ಅದಕ್ಕೂ ಸೌರಕೋಶ ಸೇರಿತು. ಈ ವರ್ಗದ ಇಂದಿನ ಒಂದು ಸಾಧಾರಣ ಅಂಕಿಯ ಗಡಿಯಾರ ಪೂರ್ತಿ ತುಂಬಿದ ಮೇಲೆ ಬೆಳಕನ್ನೇ ಕಾಣದೆ ಸುಮಾರು 10 ತಿಂಗಳು ನಡೆಯುವುದೆಂದು ತಯಾರಕರು ಹೇಳುತ್ತಾರೆ. ಕತ್ತಲೆಯಲ್ಲಿ ಅಂಕಿಗಳನ್ನು ಅಳಿಸಿ ನಿದ್ರಿಸುವ ಏರ್ಪಾಟಿನಲ್ಲಾದರೆ ಇನ್ನೂ ಹೆಚ್ಚು.

ಅದೇ ಗಡಿಯಾರ ಒಂದು ದಿನದ ಖರ್ಚನ್ನು ದುಡಿದುಕೊಳ್ಳಲು ಬೇಕಾದ ಹೊತ್ತಿನ ಲೆಕ್ಕವನ್ನೂ ತಯಾರಕರೇ ಕೊಟ್ಟಿದ್ದಾರೆ. ಬೆಳಕಿನ ಅಳತೆಗೆ ಲಕ್ಸ್ ಎಂದು ಹೆಸರು. 50,000 ಲಕ್ಸಿನ ಹೊರಗಿನ ಬಿಸಿಲಿನಲ್ಲಿ 5 ನಿಮಿಷ. ಕಿಟಕಿಯೊಳಗಿಂದ ಬರುವ 10,000 ಲಕ್ಸಿನ ಬಿಸಿಲಿನಲ್ಲಿ 24 ನಿಮಿಷ. ಮೋಡದ ದಿನ ಕಿಟಕಿಯ ಬಳಿಯ 5,000 ಲಕ್ಸಿನಲ್ಲಿ 48 ನಿಮಿಷ. ಕೊಳವೆದೀಪದ 500 ಲಕ್ಸಿನಲ್ಲಿ 8 ಗಂಟೆ. ಬೆಳಕನ್ನು ಹೊತ್ತಿನಿಂದ ಗುಣಿಸಿದರೆ ಎಲ್ಲವೂ ನಾಲ್ಕು ಸಾವಿರ ಲಕ್ಸ್-ಗಂಟೆಯ ಆಸುಪಾಸಿಗೆ ಬರುತ್ತವೆ. ಕಿಟಕಿಯ ಬಿಸಿಲಿನಲ್ಲಿ ದಿನದ ಅನ್ನ ಸಂಪಾದಿಸಲು ಈ ಯಂತ್ರಕ್ಕೆ ಸರಿಯಾಗಿ ಒಂದು ಗಳಿಗೆ ಬೇಕಾಯಿತೆಂಬುದು ಕಾಕತಾಳೀಯವೇ ಆದರೂ ಸೊಗಸಾಗಿದೆ.

ಈ ಲೆಕ್ಕವನ್ನು ಒರೆಗೆ ಹಚ್ಚಲು ಆಗುಂಬೆಗಿಂತ ಕಠಿನವಾದ ಸ್ಥಳ ಕನ್ನಡನಾಡಿನಲ್ಲಿ ದೊರೆಯಲಾರದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವ ಊರು ಅದು. ಸುತ್ತಲೂ ನಿತ್ಯಹರಿದ್ವರ್ಣದ ಕಾಡು. 2005ರಲ್ಲಿ ಅಲ್ಲಿ ಸ್ಥಾಪಿತವಾದ ಮಳೆಕಾಡು ಸಂಶೋಧನ ಕೇಂದ್ರದ ಅಧ್ಯಯನಕಾರರು ಕಾಳಿಂಗ ಸರ್ಪಗಳ ದೇಹದೊಳಗೆ ರೇಡಿಯೋ ಪ್ರೇಷಕವನ್ನಿರಿಸಿ, ಅವುಗಳ ಜಾಡನ್ನು ಹಿಡಿದು, ಹಾವು ಯಾವ ಹೊತ್ತಿಗೆ ಏನು ಮಾಡಿತೆಂಬುದನ್ನು ದಾಖಲಿಸುತ್ತ ಬಂದವರು. ಅಂಥ ದುಡಿಮೆಯಲ್ಲಿ ವೇಳೆ ತಪ್ಪಿದ ದಾಖಲೆಗೆ ಬೆಲೆಯಿಲ್ಲ. ದಟ್ಟವಾದ ಮಳೆಕಾಡಿನ ನೆಲವನ್ನು ತಲಪುವ ಬೆಳಕು ತೆರೆದ ಬಾನಿನ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಆಷಾಢದ ಮೋಡದ ದಿನ ಬಯಲಿನಲ್ಲಿ 10,000 ಲಕ್ಸ್ ಇದೆಯೆಂದು ಭಾವಿಸಿದರೆ ಮರಗಳಡಿಯಲ್ಲಿ ಉಳಿಯುವುದು 100ರಿಂದ 200. ಹತ್ತು ಗಂಟೆ ಕಾಡಿನೊಳಗಿದ್ದರೆ ದೊರೆಯುವುದು 1,000ದಿಂದ 2,000 ಲಕ್ಸ್-ಗಂಟೆ. ದಿನದ ಅಗತ್ಯದ ಕಾಲು ಪಾಲಿನಿಂದ ಅರ್ಧ ಪಾಲು. ಹಾಗಾದರೆ ಗಡಿಯಾರ ದಿನದಿನಕ್ಕೂ ಸಾಲಗಾರನಾಗುತ್ತದೆಂಬುದು ನಿಜ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳು ಒಂದು ಕಿರಣವನ್ನೂ ಕಾಣದಿದ್ದರೂ ಹತ್ತು ತಿಂಗಳ ಕಣಜದಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದಿರುತ್ತದೆ. ಆ ಕೊರತೆಯನ್ನು ತುಂಬಲು ಮುಂದೆ ಬರುವ ಬಿಸಿಲು ಲೆಕ್ಕದ ಪ್ರಕಾರ ಸುಮಾರು ಹತ್ತು ಗಂಟೆ ಸಾಕು. ನಡುನಡುವೆ ಬಯಲಿಗೆ ಬಂದು ಅರ್ಧ ಗಂಟೆ ಕೈಯನ್ನು ಬೆಳಕಿಗೆ ಒಡ್ಡಿದವನಿಗೆ ಸಾಲದ ಮಾತೇ ಇಲ್ಲ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ಲೆಕ್ಕ ಮೋಸವಾದೀತು. ಅಂಗಡಿಯ ಪೆಟ್ಟಿಗೆಯಲ್ಲಿ ಬಹುಕಾಲ ಮಲಗಿದ್ದ ಗಡಿಯಾರದ ಕಣಜ ಬರಿದಾಗಿರುವುದುಂಟು. ಅದನ್ನು ಕೊಂಡವನು ನೇರವಾಗಿ ಕಾಡಿಗೆ ಹೊರಟು, ಉದ್ದ ತೋಳಿನ ಮಳೆಯಂಗಿಯೊಳಗೆ ಅದನ್ನು ಹೂತಿಟ್ಟುಕೊಂಡು, ಕೆಲವು ದಿನಗಳಲ್ಲಿ ಅದು ನಿಂತಾಗ ಸೂರ್ಯನನ್ನು ದೂರುತ್ತಾನೆ. ದೋಷ ಮೋಡದ್ದಲ್ಲ, ತೋಳಿನದು. ಮೇ ತಿಂಗಳಿನಲ್ಲಿಯೇ ಅದನ್ನು ತುಂಬಿಸಿ, ಸೂಚಕದಲ್ಲಿ ಮೇಲ್ಮಟ್ಟ ಕಂಡ ಮೇಲೆ ಮಳೆಗೆ ಇಳಿಯತಕ್ಕದ್ದು. ಎರಡನೆಯದಾಗಿ, ತಯಾರಕರ ಹತ್ತು ತಿಂಗಳು ಮಿತವ್ಯಯದ ಗೃಹಸ್ಥನ ಲೆಕ್ಕ: ದಿನಕ್ಕೊಮ್ಮೆ ಒಂದೆರಡು ಸೆಕೆಂಡು ದೀಪ, ಹತ್ತು ಸೆಕೆಂಡು ಕರೆಗಂಟೆ. ಇರುಳ ಪಹರೆಯಲ್ಲಿ ಗಳಿಗೆಗೊಮ್ಮೆ ಗುಂಡಿಯೊತ್ತಿ ದೀಪ ಬೆಳಗಿಸುವವನ ಕಣಜ ಬೇಗ ಕರಗುತ್ತದೆ.

ಈ ಯಂತ್ರದ ಒಂದು ಸದ್ಗುಣವೆಂದರೆ ಇದು ಹೇಳದೆ ಸಾಯುವುದಿಲ್ಲ. ಅಂಕಿಯ ಗಡಿಯಾರದಲ್ಲಿ ಸಂಚಯದ ಮಟ್ಟ ಕಾಣುತ್ತದೆ. ಮುಳ್ಳಿನ ಗಡಿಯಾರಗಳು ಅನೇಕವು ಸಂಚಯ ತಗ್ಗಿದಾಗ ಸೆಕೆಂಡಿನ ಮುಳ್ಳನ್ನು ಎರಡೆರಡು ಸೆಕೆಂಡಿಗೊಮ್ಮೆ ನೆಗೆಸುತ್ತವೆ. ಆಗಲೂ ಅವು ತೋರುವ ವೇಳೆ ಸರಿಯಾಗಿಯೇ ಇರುತ್ತದೆ. ಇದನ್ನು ಕೆಟ್ಟಿತೆಂದು ತಿಳಿದು ರಿಪೇರಿಯವರಲ್ಲಿಗೆ ಓಡಿದವರಿದ್ದಾರೆ. ಹಸಿವಾದ ಹಸು ಕೂಗಿದರೆ ಪಶುವೈದ್ಯರನ್ನು ಕರೆತಂದ ಹಾಗಾಯಿತು ಅದು. ಪೂರಾ ನಿಂತೇ ಹೋದಲ್ಲಿ ಮಾತ್ರ ತೊಂದರೆ: ಬೆಳಕಿನಲ್ಲಿಟ್ಟು ತುಂಬಬೇಕು, ವೇಳೆಯನ್ನು ಹೊಸದಾಗಿ ಹೊಂದಿಸಬೇಕು. ಕೀಲಿ ಕೊಡುವ ಹಳೆಯ ಎಚ್.ಎಂ.ಟಿ. ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ಹಿಂದುಮುಂದಾದರೂ, ಕತ್ತಲೆಯ ಗವಿಯಲ್ಲಿಯೂ ಹತ್ತು ಸುತ್ತಿಗೆ ಎದ್ದು ನಡೆಯುತ್ತಿತ್ತು. ಆ ಸಂಸ್ಥೆಯ ಗಡಿಯಾರ ವಿಭಾಗವನ್ನು ಮುಚ್ಚಲು 2016ರಲ್ಲಿ ಸರ್ಕಾರ ತೀರ್ಮಾನಿಸಿದ ಮೇಲೂ ಅನೇಕ ಮನೆಗಳಲ್ಲಿ ಅವು ಓಡುತ್ತಲೇ ಇವೆ. ಈ ಒಂದು ಅಂಶದಲ್ಲಿ ಹಳೆಯದಕ್ಕೇ ಜಯವನ್ನು ಕೊಡಬೇಕು.

ದಕ್ಷಿಣ ಧ್ರುವಖಂಡದಲ್ಲಿ 1989ರಿಂದ ನಡೆಯುತ್ತಿರುವ ಭಾರತದ ಮೈತ್ರಿ ನಿಲಯ ಸುಮಾರು 70 ಡಿಗ್ರಿ ಅಕ್ಷಾಂಶದಲ್ಲಿದ್ದು, ಚಳಿಗಾಲದಲ್ಲಿ ಹೆಚ್ಚು ಕಡಿಮೆ ಎರಡು ತಿಂಗಳು ಅಲ್ಲಿ ಸೂರ್ಯೋದಯವಿಲ್ಲ. ಆರು ತಿಂಗಳ ಕಣಜಕ್ಕೆ ಅದೂ ದೊಡ್ಡದಲ್ಲ; ನಿಲಯದೊಳಗೆ ದೀಪಗಳೂ ಇವೆ. ಅಲ್ಲಿ ಕಾಡುವುದು ಕತ್ತಲೆಗಿಂತ ಶೀತ. ಕಡುಚಳಿಗೆ ದ್ರವಸ್ಫಟಿಕದ ಅಂಕಿಗಳು ಮಂದವಾಗುತ್ತವೆ, ಸಂಚಯಕೋಶದ ಶಕ್ತಿಯೂ ಕುಗ್ಗುತ್ತದೆ. ಅಂಗಿಯೊಳಗೆ ಮೈಗೆ ತಾಗಿದ್ದರೆ ಎರಡೂ ತಪ್ಪುತ್ತವೆ.

ನಮ್ಮ ಬಯಲುಸೀಮೆಗೆ ಬಂದರೆ ಪ್ರಶ್ನೆ ತಿರುಗುಮುರುಗಾಗುತ್ತದೆ. ರಾಯಚೂರು, ಕಲಬುರಗಿಗಳ ವೈಶಾಖದಲ್ಲಿ ಬೆಳಕಿಗೆ ಬಡತನವಿಲ್ಲ, ಹಗೆಯಾಗುವುದು ಶಾಖ. ಸ್ಫಟಿಕದ ಕವಲು 25 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿನಲ್ಲಿ ಕ್ರಮವಾಗಿ ನಡೆಯುತ್ತದೆ. ಅದರಿಂದ ಮೇಲೆ ಹೋದರೂ ಕೆಳಗೆ ಹೋದರೂ ನಿಧಾನವಾಗುತ್ತದೆ. ದೂರ ಇಮ್ಮಡಿಯಾದರೆ ತಪ್ಪು ನಾಲ್ಮಡಿಯಾಗುತ್ತದೆ. 45 ಡಿಗ್ರಿಯಲ್ಲಿಯೇ ಇಟ್ಟರೆ ದಿನಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಂದೆ ಬೀಳುತ್ತದೆ, ಎಂದರೆ ತಿಂಗಳಿಗೆ ಅರ್ಧ ನಿಮಿಷಕ್ಕೂ ಮಿಕ್ಕು. ಮಣಿಕಟ್ಟಿನ ಮೇಲಿದ್ದರೆ ಮೈಶಾಖ ಅದನ್ನು ಮೂವತ್ತರ ಸುಮಾರಿನಲ್ಲಿ ಕಾಯುವುದರಿಂದ ತಪ್ಪು ಲೆಕ್ಕಕ್ಕೆ ಬಾರದಷ್ಟು. ಸಾಮಾನ್ಯವಾಗಿ ತಿಂಗಳಿಗೆ 15 ಸೆಕೆಂಡು ಹೆಚ್ಚು ಅಥವಾ ಕಡಿಮೆ ಎಂಬ ತಯಾರಕರ ಮಿತಿಯೊಳಗೇ ನಿಲ್ಲುತ್ತದೆ. ಬೇಗ ತುಂಬಲೆಂದು ಜೀಪಿನ ಮುಂಗಾಜಿನ ಕೆಳಗೋ ಕಾದ ಬಂಡೆಯ ಮೇಲೋ ಇಡುವುದು, ಬಿಸಿ ಬಲ್ಬಿಗೆ ಆನಿಸುವುದು, ಇವೆಲ್ಲ ಸಂಚಯಕೋಶದ ಆಯುಷ್ಯವನ್ನು ತಿನ್ನುವ ಉಪಾಯಗಳು. ಕೈಯಲ್ಲಿ ಕಟ್ಟಿಕೊಂಡು ಹೊಲದಲ್ಲಿ ನಡೆದಾಡಿದರೆ ಅಷ್ಟೇ ಸಾಕು.

ರೇಡಿಯೋ ಸಂಕೇತದಿಂದ ತಾನೇ ತಿದ್ದಿಕೊಳ್ಳುವ ಸೌರ ಗಡಿಯಾರಗಳ ಜಾಹೀರಾತನ್ನು ನೋಡಿ ಹೆಚ್ಚಿನ ಹಣ ತೆರುವ ಮುನ್ನ ಒಂದು ಸಂಗತಿಯನ್ನು ತಿಳಿದಿರುವುದು ಮೇಲು. ಆ ಸಂಕೇತಗಳನ್ನು ಪ್ರಸಾರ ಮಾಡುವ ನಿಲಯಗಳಿರುವುದು ಜಪಾನ್, ಚೀನ, ಜರ್ಮನಿ, ಬ್ರಿಟನ್, ಅಮೆರಿಕಗಳಲ್ಲಿ. ಕರ್ನಾಟಕದಲ್ಲಿ ಅವನ್ನು ನೆಚ್ಚುವಂತಿಲ್ಲ. ತಿಂಗಳಿಗೊಮ್ಮೆ ಮೊಬೈಲಿನ ವೇಳೆಗೆ ಹೊಂದಿಸಿಕೊಂಡರೆ ಮಳೆಮಾಪಕದವನಿಗೂ ಅರಣ್ಯಪಾಲಕನಿಗೂ ಧಾರಾಳವಾಯಿತು.

ಇನ್ನು ನೀರು. ಸೆಲ್ಲು ಬದಲಿಸಲು ಎರಡು ಮೂರು ವರ್ಷಕ್ಕೊಮ್ಮೆ ಬೆನ್ನುಮುಚ್ಚಳವನ್ನು ತೆಗೆಯುವ ಪ್ರಮೇಯ ಸೌರ ಗಡಿಯಾರಕ್ಕೆ ಇಲ್ಲದಿರುವುದೇ ದೊಡ್ಡ ರಕ್ಷೆ. ತೆಗೆದ ಮುಚ್ಚಳ ಸರಿಯಾಗಿ ಕೂರದೆ ಕೆಟ್ಟ ಗಡಿಯಾರಗಳು ಕಡಿಮೆಯಲ್ಲ. ಆದರೆ ಒಳಗಿನ ರಬ್ಬರ್ ವಾಷರಿಗೆ ಮುಪ್ಪು ತಪ್ಪಿದ್ದಲ್ಲ. ಬೆವರು, ಸಾಬೂನು, ಬಿಸಿನೀರು ಅದನ್ನು ಗಡುಸುಮಾಡುತ್ತವೆ. ಮುಚ್ಚಳದ ಮೇಲೆ 20 ಬಾರ್ ಎಂದು ಕೊರೆದಿರುವುದು ಹೊಸತಾಗಿದ್ದಾಗಿನ ಮಾತು. ಹೊಳೆ ದಾಟುವವರು, ಗದ್ದೆಯಲ್ಲಿ ಇಳಿದು ನಿಲ್ಲುವವರು ಎರಡು ಮೂರು ವರ್ಷಕ್ಕೊಮ್ಮೆ ಬಲ್ಲವರಿಂದ ಅದನ್ನು ಪರೀಕ್ಷೆ ಮಾಡಿಸಬೇಕು. ನೀರಿನೊಳಗೆ ಗುಂಡಿಗಳನ್ನು ಒತ್ತಬಾರದು.

ಸಂಚಯಕೋಶವೂ ಚಿರಂಜೀವಿಯಲ್ಲ. ಬೆಳಕಿನಲ್ಲಿ ಬಾಳಿದ್ದು ಬಹುಕಾಲ ಬಾಳುತ್ತದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಹಸಿದು ಬಿದ್ದದ್ದು ಬೇಗ ಕುಂದುತ್ತದೆ. ದಿನವಿಡೀ ಬಿಸಿಲಿಗಿಟ್ಟರೂ ಮಟ್ಟ ಏರದಿದ್ದಾಗ ಅದನ್ನು ಬದಲಿಸಬೇಕೆಂದು ತಿಳಿಯಬಹುದು. ಹಾಗೆ ಬದಲಿಸುವಾಗ ಅದೇ ಜಾತಿಯ ಮರುತುಂಬುವ ಕೋಶವನ್ನೇ ಕೇಳಿ ಹಾಕಿಸಬೇಕು. ಗಾತ್ರ ಹೊಂದಿತೆಂದು ಸಾಮಾನ್ಯ ಗುಂಡು ಸೆಲ್ಲನ್ನು ಒಳಗಿಟ್ಟರೆ, ಸೌರಕೋಶ ಅದನ್ನೂ ತುಂಬಲು ಹೊರಟು, ಅದು ಉಬ್ಬಿ ಸೋರಿ ಯಂತ್ರವನ್ನೆಲ್ಲ ಕೆಡಿಸುವ ಅಪಾಯವಿದೆ. ತಾಲ್ಲೂಕು ಊರಿನ ಅಂಗಡಿಯಲ್ಲಿ ಸರಿಯಾದ ಕೋಶ ಸಿಕ್ಕದಿದ್ದರೆ ಅದು ಬರುವತನಕ ಗಡಿಯಾರವನ್ನು ಸುಮ್ಮನೆ ಇರಿಸಿ, ಅಷ್ಟು ದಿನ ಮನೆಯಲ್ಲಿರುವ ಕೀಲಿಯ ಗಡಿಯಾರವನ್ನು ಕಟ್ಟಿಕೊಳ್ಳಬಹುದು.