ಕ್ಲೀನ್ ಮಾಡಿದ ಮೇಲೆ ಲ್ಯಾಪ್‌ಟಾಪ್ ಆನ್ ಆಗ್ತಿಲ್ವಾ?

ಆಯುಧ ಪೂಜೆ ಹತ್ತಿರ ಬಂತು ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಬೈಕ್‌ಗಳ ಜೊತೆ ಲ್ಯಾಪ್‌ಟಾಪ್‌ಗಳಿಗೂ ಸ್ನಾನ ಶುರುವಾಗುತ್ತದೆ. ಹಿಂದಿನ ಕವರ್ ಬಿಚ್ಚಿ, ಫ್ಯಾನಿನಲ್ಲಿ ಕೂತ ಧೂಳು ತೆಗೆದು, ಮತ್ತೆ ಮುಚ್ಚಿ ಪವರ್ ಬಟನ್ ಒತ್ತಿದರೆ ಕೆಲವು ಆನ್ ಆಗೋದೇ ಇಲ್ಲ. ಇವು ಹೆಚ್ಚಾಗಿ ಅಣ್ಣನೋ ಅಕ್ಕನೋ ಬಳಸಿ ಕೊಟ್ಟವು, ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ತಂದ ಸೆಕೆಂಡ್ ಹ್ಯಾಂಡ್. ‘ಮದರ್‌ಬೋರ್ಡ್ ಹೋಗಿದೆ’ ಅಂದುಬಿಟ್ಟರೆ ರಿಪೇರಿ ಖರ್ಚು ಲ್ಯಾಪ್‌ಟಾಪಿನ ಬೆಲೆಗೇ ಬಂದು ನಿಲ್ಲಬಹುದು. ಹೊಸದು ಕೊಡಿಸಿ ಅಂತ ಮನೆಯಲ್ಲಿ ಕೇಳೋಕೆ ಎಲ್ಲರಿಗೂ ಬಾಯಿ ಬರೋದಿಲ್ಲ. ಹಾಗಾಗಿ ಆ ಮಾತನ್ನು ಒಪ್ಪಿಕೊಳ್ಳುವ ಮೊದಲು ಮಾಡಬಹುದಾದ ಪರೀಕ್ಷೆಗಳನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಒಂದು ಲಾಜಿಕ್. ಕ್ಲೀನ್ ಮಾಡುವ ತನಕ ಚೆನ್ನಾಗಿಯೇ ಇತ್ತು, ಆಮೇಲೆ ನಿಂತಿತು. ಅಂದರೆ ತೊಂದರೆ ಇರೋದು ಹೆಚ್ಚಾಗಿ ಕೈ ಮುಟ್ಟಿದ ಜಾಗದಲ್ಲೇ: ಸಡಿಲವಾದ ಕನೆಕ್ಟರ್, ಸರಿಯಾಗಿ ಕೂರದ ರ‍್ಯಾಮ್, ಒಳಗೆ ಉಳಿದ ತೇವ. ಚಿಪ್ ಸುಟ್ಟಿರಬಹುದು ಅನ್ನೋ ಅನುಮಾನ ಕೊನೆಗಿರಲಿ.

ಒದ್ದೆ ಬಟ್ಟೆ ಅಥವಾ ಸ್ಯಾನಿಟೈಸರ್ ಬಳಸಿದ್ದರೆ ಬಟನ್ ಮತ್ತೆ ಮತ್ತೆ ಒತ್ತಬೇಡಿ. ನೀರಿನಲ್ಲಿ ಧೂಳು, ಉಪ್ಪಿನಂಶ ಕರಗಿದಾಗ ಅದರಲ್ಲಿ ಕರೆಂಟ್ ಹರಿಯುತ್ತದೆ; ಪವರ್ ಇದ್ದಷ್ಟು ಹೊತ್ತು ಬೋರ್ಡಿನ ತಾಮ್ರ ತಿನ್ನುತ್ತಾ ಹೋಗುತ್ತದೆ. ಚಾರ್ಜರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಕವರ್ ತೆರೆದಿಟ್ಟು ಫ್ಯಾನ್ ಗಾಳಿಗೆ 24ರಿಂದ 48 ಗಂಟೆ ಬಿಡಿ. ಅಕ್ಕಿ ಡಬ್ಬದಲ್ಲಿ ಹೂತಿಡೋದರಿಂದ ಲಾಭಕ್ಕಿಂತ ಹಿಟ್ಟಿನ ಧೂಳೇ ಜಾಸ್ತಿ. ಒರೆಸಲೇಬೇಕಾದರೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ತೊಗೊಳ್ಳಿ, ಬೇಗ ಆರುತ್ತದೆ.

ಒಣಗಿದ ಮೇಲೆ ಮೊದಲ ಪರೀಕ್ಷೆ: ಚಾರ್ಜರ್, ಬ್ಯಾಟರಿ ಎರಡೂ ಇಲ್ಲದೆ ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಖಾಲಿಯಾಗುತ್ತದೆ. ಆಮೇಲೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಚಾರ್ಜರ್ ಒಂದರಲ್ಲೇ ಆನ್ ಆಗದ ಮಾಡೆಲ್‌ಗಳೂ ಇವೆ, ಹಾಗಾಗಿ ಬ್ಯಾಟರಿ ಜೋಡಿಸಿಯೂ ಒಮ್ಮೆ ನೋಡಿ. ಈಗ ಏನಾಗುತ್ತೆ ಅನ್ನೋದರ ಮೇಲೆ ಮುಂದಿನ ದಾರಿ.

ಲೈಟೇ ಬರುತ್ತಿಲ್ಲ: ಚಾರ್ಜರ್‌ನ ಲೇಬಲ್‌ನಲ್ಲಿ ಔಟ್‌ಪುಟ್ ವೋಲ್ಟೇಜ್ ಬರೆದಿರುತ್ತದೆ, ಉದಾಹರಣೆಗೆ 19.5 ವೋಲ್ಟ್. ಲ್ಯಾಬಿನ ಮಲ್ಟಿಮೀಟರ್‌ನಲ್ಲಿ ಹತ್ತಿರ ಹತ್ತಿರ ಅಷ್ಟೇ ಬರಬೇಕು. (ಟೈಪ್-ಸಿ ಚಾರ್ಜರ್‌ಗೆ ಈ ಪರೀಕ್ಷೆ ಹೊಂದೋದಿಲ್ಲ, ಲ್ಯಾಪ್‌ಟಾಪ್ ಜೊತೆ ಮಾತಾಡಿದ ಮೇಲೆಯೇ ಅದು ಪೂರ್ತಿ ವೋಲ್ಟೇಜ್ ಕೊಡೋದು.) ಚಾರ್ಜರ್ ಸರಿ ಇದ್ದರೆ ಪವರ್ ಬಟನ್‌ನಿಂದ ಬೋರ್ಡಿಗೆ ಹೋಗುವ ತೆಳುವಾದ ರಿಬ್ಬನ್ ಕೇಬಲ್ ನೋಡಿ. ಅದರ ಸಾಕೆಟ್‌ಗೆ ಕಡ್ಡಿಯಷ್ಟು ಸಣ್ಣ ಲಾಕ್ ಇರುತ್ತದೆ. ಲಾಕ್ ಎತ್ತಿ, ಕೇಬಲ್ ನೇರವಾಗಿ ಕೊನೆತನಕ ತಳ್ಳಿ, ಲಾಕ್ ಮುಚ್ಚಬೇಕು. ಅಂಗಡಿಯಲ್ಲಿ ‘ಬೋರ್ಡ್ ಹೋಗಿದೆ’ ಅಂತ ವಾಪಸ್ ಕಳಿಸಿದ ಒಬ್ಬ ಜೂನಿಯರ್‌ನ ಲ್ಯಾಪ್‌ಟಾಪ್‌ನಲ್ಲಿ ಇದೊಂದೇ ತೊಂದರೆ ಇತ್ತು. ಹಾಗೇ ಬೋರ್ಡ್ ಕೆಳಗೆ ಸ್ಕ್ರೂ ಏನಾದರೂ ಬಿದ್ದಿದೆಯಾ ಅಂತಲೂ ನೋಡಿ.

ಲೈಟ್ ಇದೆ, ಸ್ಕ್ರೀನ್ ಕಪ್ಪು: ಮೊದಲ ಅನುಮಾನ ರ‍್ಯಾಮ್ ಮೇಲೆ. ಪವರ್ ಎಲ್ಲಾ ತೆಗೆದು, ಯಾವುದಾದರೂ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಂಡು, ರ‍್ಯಾಮ್ ಹೊರತೆಗೆಯಿರಿ. ಓರೆಯಾಗಿ ಕೊನೆತನಕ ತೂರಿಸಿ, ಎರಡೂ ಕಡೆಯ ಕ್ಲಿಪ್ ‘ಟಕ್’ ಅನ್ನುವವರೆಗೆ ಕೆಳಕ್ಕೆ ಒತ್ತಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ, ಸ್ಲಾಟ್ ಬದಲಿಸಿ ಪರೀಕ್ಷಿಸಿ. ಮೊದಲ ಸಲ ಒಂದೆರಡು ನಿಮಿಷ ಕಾಯಿರಿ, ಕೆಲವು ಯಂತ್ರಗಳು ಮೆಮೊರಿಯನ್ನು ಹೊಸದಾಗಿ ಗುರುತಿಸಿಕೊಳ್ಳುತ್ತವೆ. ಬೀಪ್ ಶಬ್ದ, ಎಚ್‌ಪಿಯಲ್ಲಿ ಕ್ಯಾಪ್ಸ್ ಲಾಕ್ ಲೈಟಿನ ಮಿಣುಕು, ಡೆಲ್‌ನಲ್ಲಿ ಹಳದಿ-ಬಿಳಿ ಲೈಟಿನ ಮಿಣುಕು, ಇವನ್ನು ಎಣಿಸಿ. ಆ ಲೆಕ್ಕದ ಅರ್ಥ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಎಚ್‌ಡಿಎಂಐ ಮೂಲಕ ಬೇರೆ ಮಾನಿಟರ್‌ನಲ್ಲಿ ಚಿತ್ರ ಬಂದರೆ ಬೋರ್ಡ್ ಜೀವಂತ ಇದೆ, ತೊಂದರೆ ಇರೋದು ಡಿಸ್‌ಪ್ಲೇ ಅಥವಾ ಅದರ ಕೇಬಲ್‌ನಲ್ಲಿ.

ಆನ್ ಆಗಿ ತಕ್ಷಣ ಆಫ್: ಫ್ಯಾನಿನ ಪುಟ್ಟ ಕನೆಕ್ಟರ್ ಹಾಕಿದೆಯಾ ನೋಡಿ. ಹೀಟ್‌ಸಿಂಕ್ ಬಿಚ್ಚಿದ್ದರೆ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಬೇಕು. ಸ್ಕ್ರೂಗಳ ಪಕ್ಕ 1, 2, 3, 4 ಅಂತ ಬರೆದಿದ್ದರೆ ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಇಷ್ಟಾದರೂ ಆಗಲಿಲ್ಲ ಅಂದ್ರೆ ಚಿಪ್-ಲೆವೆಲ್ ರಿಪೇರಿ ಮಾಡುವವರ ಹತ್ತಿರವೇ ಹೋಗಬೇಕು. ಆದರೆ ಒಂದು ಮಾತು: ಬೋರ್ಡ್ ಹೋದರೆ ಫೈಲ್‌ಗಳು ಹೋದಂತಲ್ಲ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಸಾಮಾನ್ಯವಾಗಿ ಬೇರೆಯಾಗಿಯೇ ಇರುತ್ತದೆ. ಅದನ್ನು ಬಿಚ್ಚಿ, ಅದಕ್ಕೆ ಹೊಂದುವ ಯುಎಸ್‌ಬಿ ಕೇಸ್‌ಗೆ ಹಾಕಿ ಗೆಳೆಯರ ಕಂಪ್ಯೂಟರ್‌ಗೆ ಜೋಡಿಸಿದರೆ ಪ್ರಾಜೆಕ್ಟ್ ರಿಪೋರ್ಟ್, ಮನೆಯವರ ಫೋಟೋ ಎಲ್ಲಾ ಕಾಪಿ ಮಾಡ್ಕೋಬಹುದು. ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀ ಬೇಕು. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿದೆಯಾ ನೋಡಿ. ಲ್ಯಾಪ್‌ಟಾಪ್ ಅನ್ನು ಅಂಗಡಿಗೆ ಕೊಡುವ ಮೊದಲೇ ಈ ಕೆಲಸ ಮುಗಿಸಿ, ಆಗಲೇ ಮಾಡಿ ನೋಡಿದ ಪರೀಕ್ಷೆಗಳ ಪಟ್ಟಿಯನ್ನೂ ಅವರಿಗೆ ಕೊಡಿ.