ಪರದೇಶದ ಮನೆಗೆ ಫ್ಯಾನೂ ಬಿಸಿ ಕಂಬಿಯೂ

ಮನೆ ಕಟ್ಟುವವನು ಮೊದಲು ನೆಲವನ್ನೂ ಗಾಳಿಯನ್ನೂ ನೋಡಬೇಕೆಂಬುದು ನಮ್ಮ ಹಿರಿಯರ ಪದ್ಧತಿ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಇವು ನಾಲ್ಕೂ ಒಂದೇ ಮಂಡ್ಯ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. ಆದರೂ ಒಂದರಂತೆ ಮತ್ತೊಂದಿಲ್ಲ. ಶ್ರೀರಂಗಪಟ್ಟಣವನ್ನು ಕಾವೇರಿಯು ಎರಡು ಕವಲಾಗಿ ಬಳಸಿ ಹರಿಯುತ್ತಾಳೆ. ಪಾಂಡವಪುರದಲ್ಲಿ ನಾಲೆಯ ನೀರು, ಕಬ್ಬು, ಭತ್ತ. ಕೃಷ್ಣರಾಜಪೇಟೆಗೆ ಹೇಮಾವತಿಯ ಆಸರೆ. ನಾಗಮಂಗಲದಲ್ಲಿ ರಾಗಿ ಹುರುಳಿಯ ಬೆದ್ದಲು, ನಡುನಡುವೆ ತೆಂಗಿನ ತೋಟ. ನಾಲೆಯ ಬಯಲಿನವರು ಸೊಳ್ಳೆಗಾಗಿ ರಾತ್ರಿಯೆಲ್ಲ ಫ್ಯಾನು ತಿರುಗಿಸಿದರೆ, ಬೆದ್ದಲು ಸೀಮೆಯವರು ಬೇಸಗೆಯ ಸೆಕೆಗಾಗಿ ತಿರುಗಿಸುವರು. ಹತ್ತು ಹದಿನೈದು ಹರದಾರಿಯೊಳಗೇ ಇಷ್ಟು ಭೇದವಿರುವಾಗ, ಸಮುದ್ರದಾಚೆಯ ಮನೆಗೆ ಇಲ್ಲಿನ ಅಂಗಡಿಯಲ್ಲಿ ಸಾಮಾನು ಕೊಳ್ಳುವವರು ಎಷ್ಟು ಯೋಚಿಸಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಈ ತಾಲ್ಲೂಕುಗಳ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕ, ಇಂಗ್ಲೆಂಡು, ಆಸ್ಟ್ರೇಲಿಯ, ಅರಬ್ ದೇಶಗಳಲ್ಲಿ ನೆಲೆಸಿದ್ದಾರೆ. ಮಗನೋ ಮಗಳೋ ಅಲ್ಲಿ ಸ್ವಂತ ಮನೆ ಕೊಂಡರೆಂಬ ಸಮಾಚಾರ ಬಂದೊಡನೆ, ಗೃಹಪ್ರವೇಶಕ್ಕೆ ಏನನ್ನಾದರೂ ಕೊಡಬೇಕೆಂದು ತಂದೆತಾಯಿಗಳ ಮನಸ್ಸು ಹಂಬಲಿಸುವುದು ಸಹಜ. ಕಬ್ಬಿನ ದುಡ್ಡೋ, ತೆಂಗಿನಕಾಯಿಯ ದುಡ್ಡೋ ಕೈಗೆ ಬಂದೊಡನೆ ಮೈಸೂರಿಗೆ ಹೋಗಿ ಒಳ್ಳೆಯ ಫ್ಯಾನುಗಳನ್ನು ಕೊಂಡು ಕಟ್ಟಿಸಿ ತರುವವರುಂಟು. ಮಗಳು ಪತ್ರದಲ್ಲೋ ಟೆಲಿಫೋನಿನಲ್ಲೋ ‘ಇಲ್ಲಿ ಬಟ್ಟೆ ಒಣಗುವುದೇ ಇಲ್ಲವಮ್ಮ’ ಎಂದುದನ್ನು ಕೇಳಿ, ಟವಲು ಒಣಗಿಸುವ ಬಿಸಿ ಕಂಬಿಯನ್ನು ಇಲ್ಲಿಯೇ ಕೊಂಡು ಕಳುಹಿಸಬಾರದೇಕೆ ಎಂದು ಕೇಳುವವರೂ ಉಂಟು. ಪ್ರೀತಿಯಲ್ಲಿ ದೋಷವಿಲ್ಲ. ಆದರೆ ಪ್ರೀತಿಯಿಂದ ಕೊಂಡ ವಸ್ತುವು ತೊಟ್ಟಿಲ ಮೇಲಿನ ಸೂರಿನಲ್ಲಿ ತೂಗುವುದು ಅಥವಾ ಒದ್ದೆ ಕೈ ತಾಗುವ ಗೋಡೆಯಲ್ಲಿ ಕೂರುವುದು ಎಂದಾಗ, ಅದರ ಗುಣದೋಷಗಳನ್ನು ತಿಳಿದುಕೊಳ್ಳದೆ ಕೊಡುವುದು ಸರಿಯಲ್ಲ.

ವಿದ್ಯುಚ್ಛಕ್ತಿಯ ಭೇದ

ವಿದ್ಯುಚ್ಛಕ್ತಿಯು ನಮ್ಮ ಜಿಲ್ಲೆಗೆ ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ಅದನ್ನು ಉತ್ಪಾದಿಸಿ, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೂಲಕ ಸಾಗಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುದು ಅದೇ ಶಕ್ತಿಯಿಂದ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯನ್ನು ಆರಂಭಿಸಿದಾಗ, ಹೊಲಗದ್ದೆಗಳಿಗೆ ನೀರುಣಿಸುವುದರ ಜೊತೆಗೆ ಶಿವನಸಮುದ್ರದ ಯಂತ್ರಗಳಿಗೆ ವರ್ಷವಿಡೀ ತಪ್ಪದೆ ನೀರೊದಗಿಸುವುದೂ ಅದರ ಉದ್ದೇಶಗಳಲ್ಲೊಂದಾಗಿತ್ತು. ಹೀಗೆ ನಮ್ಮವರು ವಿದ್ಯುಚ್ಛಕ್ತಿಯನ್ನು ಬಲ್ಲರು. ಆದರೆ ದೇಶದಿಂದ ದೇಶಕ್ಕೆ ಅದರ ಪ್ರಮಾಣ ಬೇರೆಯೆಂಬುದನ್ನು ಅನೇಕರು ಮರೆಯುತ್ತಾರೆ.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತದ ವಿದ್ಯುತ್ತು. ಇಂಗ್ಲೆಂಡಿನಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಸಿಂಗಪುರದಲ್ಲಿಯೂ ಪ್ರಮಾಣವು ಇದೇ. ಪ್ಲಗ್ಗಿನ ಆಕಾರ ಮಾತ್ರ ಬೇರೆ. ಅಮೆರಿಕ, ಕೆನಡಗಳಲ್ಲಾದರೋ ದೀಪ ಫ್ಯಾನುಗಳಿಗೆ ಬರುವುದು 120 ವೋಲ್ಟು, 60 ಆವರ್ತ. ಇಲ್ಲಿನ ಸಾಧಾರಣ ಫ್ಯಾನನ್ನು ಅಲ್ಲಿಗೆ ಜೋಡಿಸಿದರೆ ಅರ್ಧ ಶಕ್ತಿಯೂ ದೊರೆಯದೆ ಅದು ಬಳಲಿದಂತೆ ತಿರುಗುವುದು. ವೋಲ್ಟನ್ನು ಏರಿಸುವ ಟ್ರಾನ್ಸ್‌ಫಾರ್ಮರನ್ನು ಇಟ್ಟರಾಗದೆ ಎಂದರೆ, ಅದು ವೋಲ್ಟನ್ನು ಬದಲಾಯಿಸೀತೇ ಹೊರತು ಆವರ್ತವನ್ನು ಬದಲಾಯಿಸದು. ಮೇಲಾಗಿ ಸೂರಿನ ಫ್ಯಾನಿಗೊಂದು ಟ್ರಾನ್ಸ್‌ಫಾರ್ಮರನ್ನು ಎಲ್ಲಿ ಬಚ್ಚಿಡುವುದು? ಅಲ್ಲಿನ ಪರೀಕ್ಷೆಯ ಗುರುತಿಲ್ಲದ ಸಾಮಾನನ್ನು ಗೋಡೆಗೋ ಸೂರಿಗೋ ಸ್ಥಿರವಾಗಿ ಜೋಡಿಸಿ, ಅದರಿಂದ ಬೆಂಕಿಯ ಅನಾಹುತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು. ಆದುದರಿಂದ ಅಮೆರಿಕಕ್ಕೆ ಇಲ್ಲಿಂದ ಫ್ಯಾನನ್ನು ಒಯ್ಯಬಾರದೆಂದೇ ನಮ್ಮ ಮತ.

ಸೂರು ತಡೆಯಬಲ್ಲುದೆ?

ವೋಲ್ಟು ಸರಿಯಾಗಿರುವ ದೇಶಗಳಲ್ಲಿಯೂ ಇನ್ನೊಂದು ಪ್ರಶ್ನೆ ಉಳಿಯುವುದು. ಹಳೆಯ ತೊಟ್ಟಿ ಮನೆಗಳಲ್ಲಿ ದಪ್ಪ ತೊಲೆಗಳಿದ್ದವು. ತೊಲೆಗೆ ಕೊಂಡಿ ಬಿಗಿದು ಫ್ಯಾನನ್ನು ತೂಗಹಾಕಿದರೆ ತಲೆಮಾರು ಕಳೆದರೂ ಅಲುಗದು. ಈಗಿನ ಮನೆಗಳಲ್ಲಿ ತಾರಸಿ ಹಾಕುವಾಗಲೇ ಕಬ್ಬಿಣದ ಕೊಕ್ಕೆಯನ್ನು ಕಾಂಕ್ರೀಟಿನಲ್ಲಿ ಹುದುಗಿಸುವರು. ಪರದೇಶದ ಮನೆಗಳಲ್ಲಿ, ಮುಖ್ಯವಾಗಿ ಅಮೆರಿಕ ಇಂಗ್ಲೆಂಡುಗಳಲ್ಲಿ, ನಾವು ತಲೆಯೆತ್ತಿ ನೋಡುವ ಬಿಳಿಯ ಸೂರು ಬಹುಮಟ್ಟಿಗೆ ತೆಳ್ಳನೆಯ ಪ್ಲಾಸ್ಟರು ಹಲಗೆ; ಅದರ ಮೇಲೆ ಅಂತರವಿಟ್ಟು ಮರದ ಜಂತೆಗಳಿರುವುವು. ಹಲಗೆಯು ದೀಪದ ಬುರುಡೆಯನ್ನು ಹೊರಬಲ್ಲುದಲ್ಲದೆ, ತಿರುಗುತ್ತ ಎಳೆದಾಡುವ ನಾಲ್ಕೈದು ಸೇರಿನ ಯಂತ್ರವನ್ನು ಹೊರಲಾರದು. ಜಂತೆಗೆ ಬಿಗಿದ, ಫ್ಯಾನಿಗೆಂದೇ ಗುರುತು ಪಡೆದ ಲೋಹದ ಪೆಟ್ಟಿಗೆಯಿದ್ದಲ್ಲಿ ಮಾತ್ರ ಫ್ಯಾನು ಹಾಕಬೇಕು. ಅಲ್ಲಿ ಹಿಂದೆ ದೀಪವಿತ್ತೆಂಬುದು ಪ್ರಮಾಣವಲ್ಲ.

ಎತ್ತರವನ್ನೂ ಅಳೆಯತಕ್ಕದ್ದು. ರೆಕ್ಕೆಗಳು ನೆಲದಿಂದ ಏಳಡಿಗಿಂತ ಕೆಳಗಿರಬಾರದೆಂಬುದು ಸಾಮಾನ್ಯವಾದ ನಿಯಮ. ಇಂಗ್ಲೆಂಡಿನ ಹೊಸ ಮನೆಗಳ ಸೂರು ಅನೇಕ ವೇಳೆ ಎಂಟಡಿಯಷ್ಟೇ ಇರುವುದು. ನಮ್ಮ ಫ್ಯಾನಿನ ಉದ್ದ ಕೋಲನ್ನು ಅಲ್ಲಿ ಇಳಿಬಿಟ್ಟರೆ, ಅಂಗಿ ಹಾಕಿಕೊಳ್ಳುವುದಕ್ಕೆ ಕೈಯೆತ್ತಿದ ಹುಡುಗನ ಬೆರಳು ರೆಕ್ಕೆಗೆ ತಾಗುವುದು. ಅಂತಹ ಕೋಣೆಗೆ ಸೂರಿಗೆ ಒತ್ತಿ ಕೂರುವ ಗಿಡ್ಡ ಫ್ಯಾನು, ಇಲ್ಲವೆ ನೆಲದ ಮೇಲೆ ನಿಲ್ಲುವ ಫ್ಯಾನು ಮೇಲು.

ಶೀತದೇಶದಲ್ಲಿ ಸೂರಿನ ಫ್ಯಾನು ಬೇಕೇ ಎಂದು ಕೇಳುವವರಿಗೆ ಒಂದು ವಿಶೇಷವನ್ನು ತಿಳಿಸಬೇಕು. ಅಮೆರಿಕದ ಫ್ಯಾನುಗಳಲ್ಲಿ ತಿರುವನ್ನು ಹಿಂದುಮುಂದಾಗಿಸುವ ಗುಂಡಿಯಿರುವುದು ರೂಢಿ. ಬಿಸಿ ಗಾಳಿಯು ಹಗುರವಾದುದರಿಂದ ಸೂರಿಗೆ ಏರಿ ನಿಲ್ಲುವುದಷ್ಟೆ. ಚಳಿಗಾಲದಲ್ಲಿ ಫ್ಯಾನನ್ನು ವಿರುದ್ಧ ದಿಕ್ಕಿಗೆ ನಿಧಾನವಾಗಿ ತಿರುಗಿಸಿದರೆ, ಮೈಮೇಲೆ ಗಾಳಿ ಬೀಸದೆಯೇ ಆ ಶಾಖವು ಗೋಡೆಯ ಬಳಿಯಿಂದ ಕೆಳಗಿಳಿಯುವುದು. ಹೀಗೆ ಅಲ್ಲಿನ ಫ್ಯಾನು ಎರಡು ಋತುಗಳಿಗೂ ದುಡಿಯುತ್ತದೆ. ಇಲ್ಲಿನ ಸಾಧಾರಣ ಫ್ಯಾನಿಗೆ ಈ ಗುಣವಿಲ್ಲ.

ದುಬೈ ಮೊದಲಾದ ಅರಬ್ ನಗರಗಳಿಗೆ ಮಾತ್ರ ನಮ್ಮ ಫ್ಯಾನು ಹೊಂದಿಕೊಂಡೀತು. ಸೆಕೆಯೂ ಉಂಟು, ಸೂರುಗಳೂ ಬಹುಮಟ್ಟಿಗೆ ಕಾಂಕ್ರೀಟಿನವು. ಹಾಗೆ ಕೊಳ್ಳುವವರು ಹಳೆಯ ಬಗೆಯ 75 ವಾಟಿನ ಫ್ಯಾನನ್ನು ಬಿಟ್ಟು, 30 ವಾಟಿನ ಆಸುಪಾಸಿನ ಬಿ.ಎಲ್.ಡಿ.ಸಿ. ಫ್ಯಾನನ್ನು ಆರಿಸುವುದು ಒಳ್ಳೆಯದು. ದಿನಕ್ಕೆ 10 ಗಂಟೆ ತಿರುಗಿದರೆ ಮೊದಲನೆಯದು ತಿಂಗಳಿಗೆ 22½ ಯೂನಿಟ್ಟನ್ನೂ, ಎರಡನೆಯದು 9 ಯೂನಿಟ್ಟನ್ನೂ ತೆಗೆದುಕೊಳ್ಳುವುದು. ನಮ್ಮ ದೇಶದಲ್ಲಿ 2023ನೆಯ ಜನವರಿಯಿಂದ ಸೂರಿನ ಫ್ಯಾನುಗಳಿಗೆ ನಕ್ಷತ್ರದ ಚೀಟಿ ಕಡ್ಡಾಯವಾಗಿರುವುದರಿಂದ, ಸ್ವಂತ ಮನೆಗೆ ಕೊಳ್ಳುವವರೂ ಆ ಚೀಟಿಯನ್ನು ಓದಿಯೇ ಹಣ ಕೊಡಲಿ.

ಬಿಸಿ ಕಂಬಿಯೆಂದರೇನು?

ಟವಲು ಒಣಗಿಸುವ ಬಿಸಿ ಕಂಬಿಯನ್ನು ಕೇಳಿದೊಡನೆ ನಮ್ಮಲ್ಲಿ ಕೆಲವರು ನಗುವುದುಂಟು. ಬಚ್ಚಲಿನಿಂದ ಹೊರಬಂದು ಹಿತ್ತಲಿನ ತಂತಿಯ ಮೇಲೆ ಹರವಿದ ಪಂಚೆಯು ಒಂದು ಗಳಿಗೆಯಲ್ಲಿ ಗರಿಗರಿಯಾಗುವ ಸೀಮೆ ನಮ್ಮದು. ಮಳೆ ಹಿಡಿದ ದಿನ ಒಳಗಿನ ಬಿದಿರ ಗಳುವೋ, ಹಂಡೆಯ ಒಲೆಯ ಕಾವೋ ನೆರವಿಗೆ ಬರುವುದು. ಇಂಗ್ಲೆಂಡಿನ ಚಳಿಗಾಲದಲ್ಲಿ ಸೂರ್ಯನು ಸಂಜೆ ನಾಲ್ಕಕ್ಕೇ ಮರೆಯಾಗುವನು. ಕಿಟಕಿಗಳಿಗೆ ಎರಡು ಪದರ ಗಾಜು. ಬಾಗಿಲು ತೆರೆದರೆ ಕೂಡಿಟ್ಟ ಶಾಖವೆಲ್ಲ ಹೊರಕ್ಕೆ. ಒದ್ದೆ ಟವಲು ಮಾರನೆಯ ಬೆಳಿಗ್ಗೆಯೂ ಒದ್ದೆಯಾಗಿಯೇ ಇದ್ದು ಮುಗ್ಗಲು ವಾಸನೆ ಹಿಡಿಯುವುದು. ತೇವವು ಗೋಡೆಗೆ ಕೂತು ಕಪ್ಪು ಬೂಷ್ಟು ಬೆಳೆಯುವುದು. ಬೂಷ್ಟು ಮಕ್ಕಳ ಉಸಿರಿಗೆ ಒಳ್ಳೆಯದಲ್ಲ. ಆದಕಾರಣ ಬಿಸಿ ಕಂಬಿಯನ್ನು ಅಲ್ಲಿ ಭೋಗದ ವಸ್ತುವೆಂದು ಎಣಿಸಲಾಗದು.

ಬಾಣಂತನಕ್ಕೆಂದು ಹೊರಡುವ ತಾಯಂದಿರು ಇದನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ನಾಗಮಂಗಲದ ಮನೆಯಲ್ಲಿ ಎಣ್ಣೆನೀರಾದ ಕೂಸನ್ನು ಬಿಸಿಲಿಗೆ ಕಾದ ಬಟ್ಟೆಯಲ್ಲಿ ಸುತ್ತಿ, ಸಾಂಬ್ರಾಣಿಯ ಹೊಗೆ ತೋರಿಸುವುದು ವಾಡಿಕೆ. ಪರದೇಶದ ಮನೆಯಲ್ಲಿ ಬಿಸಿಲಿರದು. ಹೊಗೆಯೆದ್ದರೆ ಸೂರಿನಲ್ಲಿರುವ ಎಚ್ಚರಿಕೆಯ ಗಂಟೆ ಕಿರುಚಿಕೊಳ್ಳುವುದು. ಅಂಥಲ್ಲಿ ಕೂಸಿನ ಬಟ್ಟೆಯನ್ನು ಬೆಚ್ಚಗೆ, ಗರಿಗರಿಯಾಗಿ ಇಡಬಲ್ಲುದು ಈ ಕಂಬಿಯೇ. ಸುತ್ತುವುದಕ್ಕೆ ಮುಂಚೆ ಬಟ್ಟೆಯನ್ನು ಮುಂಗೈಗೆ ಒತ್ತಿ ಬಿಸಿಯನ್ನು ನೋಡಿಕೊಳ್ಳಬೇಕೆಂಬುದನ್ನು ಮಾತ್ರ ಮರೆಯಬಾರದು.

ಕಂಬಿಗಳಲ್ಲಿ ಮೂರು ಬಗೆ. ಮೊದಲನೆಯದು ಮನೆಯನ್ನು ಕಾಯಿಸುವ ಬಾಯ್ಲರಿನ ಬಿಸಿನೀರು ಕೊಳವೆಯ ಮೂಲಕ ಒಳಗೆ ಹರಿಯುವುದು. ಖರ್ಚು ಕಡಮೆ, ಆದರೆ ಬೇಸಗೆಯಲ್ಲಿ ಬಾಯ್ಲರಿನ ಕಾವನ್ನು ನಿಲ್ಲಿಸಿದರೆ ಕಂಬಿಯೂ ತಣ್ಣಗೆ. ಎರಡನೆಯದು ವಿದ್ಯುತ್ತಿನಿಂದಲೇ ಕಾಯುವುದು. ಒಳಗೆ ಬರಿಯ ತಂತಿಯಿರಬಹುದು, ಇಲ್ಲವೆ ಎಣ್ಣೆಯಂತಹ ದ್ರವವಿರಬಹುದು. ಮೂರನೆಯದು ಎರಡೂ ಕೂಡಿದ್ದು; ಚಳಿಗಾಲದಲ್ಲಿ ಬಾಯ್ಲರು, ಬೇಸಗೆಯಲ್ಲಿ ವಿದ್ಯುತ್ತು. ಯಾವ ಬಗೆಯ ಕೊಳವೆ ಗೋಡೆಯಲ್ಲಿದೆಯೆಂಬುದು ಮನೆಯಲ್ಲಿರುವವರಿಗಲ್ಲದೆ ಇಲ್ಲಿನ ಅಂಗಡಿಯವನಿಗೆ ತಿಳಿಯಲಾರದು. ಕಂಬಿಯನ್ನು ಅಲ್ಲಿಯೇ ಕೊಳ್ಳಬೇಕೆನ್ನುವುದಕ್ಕೆ ಇದು ಮೊದಲನೆಯ ಕಾರಣ.

ನೀರೂ ವಿದ್ಯುತ್ತೂ ಒಂದೆಡೆ

ಎರಡನೆಯ ಕಾರಣವು ಪ್ರಾಣಕ್ಕೆ ಸಂಬಂಧಿಸಿದುದು. ಒದ್ದೆ ಮೈಗೆ ವಿದ್ಯುತ್ತು ಸುಲಭವಾಗಿ ಹರಿಯುವುದು. ಈ ಕಾರಣದಿಂದಲೇ ಇಂಗ್ಲೆಂಡಿನಲ್ಲಿ ಸ್ನಾನದ ಕೋಣೆಯನ್ನು ನೀರಿನ ದೂರಕ್ಕೆ ತಕ್ಕಂತೆ ವಲಯಗಳಾಗಿ ವಿಂಗಡಿಸಿ, ಯಾವ ವಲಯದಲ್ಲಿ ಯಾವ ಸಾಮಾನಿರಬಹುದೆಂದು ನಿಯಮ ಮಾಡಿದ್ದಾರೆ. ತೊಟ್ಟಿಯ ಸಮೀಪದಲ್ಲಿ ಸಾಮಾನ್ಯ ಸಾಕೆಟ್ಟಿಗೆ ಅವಕಾಶವಿಲ್ಲ. ಕಂಬಿಯ ತಂತಿಯನ್ನು ಗೋಡೆಯೊಳಗಿಂದ ಒಯ್ದು, ಕೋಣೆಯ ಹೊರಗಣ ಫ್ಯೂಸಿರುವ ಸ್ವಿಚ್ಚಿಗೆ ಸೇರಿಸುವುದು ರೂಢಿ. ಇಂಗ್ಲೆಂಡು ವೇಲ್ಸುಗಳಲ್ಲಿ 2005ರಿಂದ ಮನೆಯ ವಿದ್ಯುತ್ ಕೆಲಸವು ಕಟ್ಟಡದ ಕಾಯಿದೆಗೆ ಒಳಪಟ್ಟಿದೆ. ಆಸ್ಟ್ರೇಲಿಯದಲ್ಲಿ ಲೈಸೆನ್ಸಿಲ್ಲದವನು ಇಂತಹ ಕೆಲಸಕ್ಕೆ ಕೈ ಹಾಕುವಂತೆಯೇ ಇಲ್ಲ. ಊರಿನಲ್ಲಿ ಮೋಟರು ರಿಪೇರಿ ಮಾಡಿ ಬಲ್ಲ ತಂದೆಯು ಮಗನ ಮನೆಗೆ ಹೋದಾಗ ‘ನಾನೇ ಜೋಡಿಸಿಕೊಡುತ್ತೇನೆ ಬಿಡಪ್ಪ’ ಎಂದು ಹೊರಡುವುದು ಈ ಕಾರಣದಿಂದ ಸಲ್ಲದು.

ಕೊಳ್ಳುವಾಗ ಡಬ್ಬಿಯ ಮೇಲೆ ಐ.ಪಿ. ಎಂಬ ಎರಡಕ್ಷರಗಳ ಮುಂದೆ ಎರಡು ಅಂಕಿಗಳಿರುವುದನ್ನು ನೋಡಬೇಕು. ಎರಡನೆಯ ಅಂಕಿಯು ನೀರನ್ನು ತಡೆಯುವ ಶಕ್ತಿಯನ್ನು ಸೂಚಿಸುವುದು. ಅದು 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಲ್ಲ ಕಡೆಯಿಂದ ಸಿಡಿಯುವ ನೀರಿಗೂ ಅಂಜಬೇಕಾಗಿಲ್ಲ.

ಖರ್ಚಿನ ಲೆಕ್ಕವೂ ತಿಳಿದಿರಲಿ. 100 ವಾಟಿನ ಕಂಬಿಯನ್ನು ಹಗಲಿರುಳು ಉರಿಸಿದರೆ ತಿಂಗಳಿಗೆ 72 ಯೂನಿಟ್ಟು. ಗಡಿಯಾರದ ಗುಂಡಿಯನ್ನಿಟ್ಟು ಬೆಳಿಗ್ಗೆ ಎರಡು, ಸಂಜೆ ಎರಡು ಗಂಟೆ ಉರಿಸಿದರೆ 12 ಯೂನಿಟ್ಟು. ಕೆಲಸ ಬಹುಮಟ್ಟಿಗೆ ಅಷ್ಟೇ. ಬಿಲ್ಲು ಆರನೆಯ ಒಂದು ಪಾಲು. ದಪ್ಪ ಟವಲನ್ನು ನಾಲ್ಕು ಮಡಿಕೆ ಮಾಡಿ ಕಂಬಿಯ ಮೇಲೆ ಹೊರಿಸಬಾರದು. ಹೊರಪದರ ಒದ್ದೆಯಾಗಿಯೇ ಉಳಿದು ಒಳಗಿನ ಕಂಬಿ ಮಿತಿಮೀರಿ ಕಾಯುವುದು. ಒಂದೇ ಪದರವಾಗಿ ಹರವುವುದು ಲೇಸು. ತೆವಳುವ ಮಕ್ಕಳಿರುವ ಮನೆಯಲ್ಲಿ ಕೆಳಗಿನ ಕಂಬಿಯು ಅವರ ಕೈಗೆಟುಕದಷ್ಟು ಎತ್ತರದಲ್ಲಿರಲಿ.

ಹಾಗಾದರೆ ಕೊಡುವುದೇನು?

ಹೀಗೆಲ್ಲ ಹೇಳಿದರೆ ತಾಯಿತಂದೆಗಳು ಬರಿಗೈಯಲ್ಲಿ ಹೋಗಬೇಕೇ ಎಂದು ವಾಚಕರು ಕೇಳಬಹುದು. ಹಾಗಲ್ಲ. ಫ್ಯಾನಿನ ಹಣವನ್ನೂ ಕಂಬಿಯ ಹಣವನ್ನೂ ಮಕ್ಕಳ ಕೈಗೇ ಕೊಟ್ಟು, ‘ನಮ್ಮ ಹೆಸರಿನಲ್ಲಿ ಅಲ್ಲಿಯೇ ಕೊಂಡು, ಬಲ್ಲವನಿಂದ ಹಾಕಿಸಿಕೊಳ್ಳಿ’ ಎಂದರೆ ಉಡುಗೊರೆಯ ಬೆಲೆ ಕುಂದುವುದಿಲ್ಲ. ಅಲ್ಲಿನ ಅಂಗಡಿಯ ಖಾತರಿಯು ಅಲ್ಲಿಯೇ ನಡೆಯುವುದು. ಇಲ್ಲಿ ಕೊಂಡುದರ ಖಾತರಿ ಸಮುದ್ರ ದಾಟುವುದು ಅಪರೂಪ. ವಿಮಾನದ ಪೆಟ್ಟಿಗೆಯಲ್ಲಿ ಆ ಭಾರದ ಜಾಗಕ್ಕೆ ತೆಳ್ಳನೆಯ ಹತ್ತಿಯ ಚೌಕಗಳನ್ನೂ ಕೂಸನ್ನು ಸುತ್ತುವ ಹಳೆಯ ಮೆತ್ತನೆಯ ಪಂಚೆಗಳನ್ನೂ ತುಂಬಿರಿ. ದಪ್ಪ ಟವಲು ನಾಲ್ಕು ಗಂಟೆಯಲ್ಲಿ ಒಣಗುವೆಡೆ ಇವು ಬಹು ಬೇಗನೆ ಒಣಗುವುವು. ಕಂಬಿಯ ಕೆಲಸವೂ ಹಗುರವಾಗುವುದು. ಇವನ್ನು ಮಾತ್ರ ಯಾವ ದೇಶದ ವೋಲ್ಟೂ ತಡೆಯದು.

ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ತನ್ನು ನೋಡಿದವರು, ಅದರ ನಾಲ್ಕೂ ಕಡೆಯ ಅಗಲವಾದ ಪಡಸಾಲೆಗಳ ತಂಪನ್ನು ಬಲ್ಲರು. ಆ ಕಟ್ಟಡವು ಕಾವೇರಿಯ ದಡಕ್ಕೆ ಹೇಳಿ ಮಾಡಿಸಿದುದು. ಹಿಮ ಬೀಳುವ ಊರಿನಲ್ಲಿ ಅದರೊಳಗೆ ಯಾರೂ ವಾಸಿಸಲಾರರು. ಮನೆಯಂತೆಯೇ ಮನೆಯ ಸಾಮಾನೂ. ಮಗನಿಗೋ ಮಗಳಿಗೋ ಮುಂದಿನ ಸಲ ಮಾತನಾಡುವಾಗ ‘ಏನು ಕಳುಹಿಸಲಿ?’ ಎಂದು ಕೇಳುವುದಕ್ಕೆ ಮುಂಚೆ, ‘ನಿಮ್ಮ ಸೂರು ಎಂತಹುದು, ಬಚ್ಚಲಿನ ಗೋಡೆಯಲ್ಲಿ ಏನಿದೆ, ಒದ್ದೆ ಬಟ್ಟೆಯನ್ನು ಎಲ್ಲಿ ಹರವುತ್ತೀರಿ?’ ಎಂದು ಕೇಳಿರಿ. ಉತ್ತರವನ್ನು ಒಂದು ಚೀಟಿಯಲ್ಲಿ ಗುರುತಿಟ್ಟುಕೊಂಡು ಆ ಮೇಲೆ ಅಂಗಡಿಯ ಮಾತನಾಡಿದರಾಯಿತು.